ಸಾಗರದ ಮಳೆಗಾಲದಲ್ಲಿ ಹಾರ್ಪ್: ಹೊಸ ಸಂಗೀತಕ್ಕೆ ತಯಾರಿ ಹೇಗೆ?

ಪ್ರಶ್ನೆ: ತಂಗಿ ಹಾರ್ಪ್ (ಎರಡೂ ಕೈಯಿಂದ ಮೀಟುವ ದೊಡ್ಡ ಪಾಶ್ಚಾತ್ಯ ತಂತಿವಾದ್ಯ) ಕಲಿಯುತ್ತಿದ್ದಾಳೆ, ಸಮಕಾಲೀನ ಕೃತಿಗಳನ್ನೇ ನುಡಿಸಬೇಕೆಂಬ ಆಸೆ. ಲಿವರ್ ಹಾರ್ಪ್ ಸಾಕೇ? ಜುಲೈ ತಿಂಗಳ ತೇವಕ್ಕೆ ಗಟ್ ತಂತಿ (ಪ್ರಾಣಿಯ ಕರುಳಿನಿಂದ ಮಾಡಿದ್ದು) ತಡೆಯುತ್ತದೆಯೇ?

ಉತ್ತರ 1: ಸಾಲದು. ಲಿವರ್‌ ಹಾರ್ಪ್‌ನಲ್ಲಿ ತಂತಿಗೊಂದರಂತೆ ಇರುವ ಸಣ್ಣ ಸನ್ನೆಯಿಂದ (ಲಿವರ್) ಒಂದೊಂದೇ ತಂತಿಯ ಸ್ವರ ಬದಲಿಸಬೇಕು, ಅದಕ್ಕೆ ಎಡಗೈ ಬಿಡಬೇಕು. ಪೆಡಲ್ ಹಾರ್ಪ್‌ನಲ್ಲಿ 47 ತಂತಿ, 7 ಪೆಡಲ್. ಸಿ ಪೆಡಲ್ ಒತ್ತಿದರೆ ಸಿ ಸ್ವರದ ಎಲ್ಲ ತಂತಿಗಳೂ ಅರ್ಧ ಸ್ವರ ಏರುತ್ತವೆ. ಎಡಗಾಲಿಗೆ ಮೂರು, ಬಲಗಾಲಿಗೆ ನಾಲ್ಕು. ಕಲಿಯಲು ಮೊದಲು ಸಂಯೋಜಕ ಹಿಂಡೆಮಿತ್‌ರ 1939ರ ಸೊನಾಟಾ, ಆಮೇಲೆ ಬ್ರಿಟನ್‌ರ 1969ರ ಸ್ವೀಟ್. ಬೆರಿಯೋ ಅವರ ಸೆಕ್ವೆಂಜಾ 2 (1963) ಕೊನೆಗಿರಲಿ, ಅವಸರ ಬೇಡ.

ಉತ್ತರ 2: ತೇವದ ಬಗ್ಗೆ. ಗಟ್ ನೀರು ಹೀರಿ ಉಬ್ಬುತ್ತದೆ, ಬಿಸಿಲು ಬಂದ ಕೂಡಲೇ ಒಣಗಿ ಪಟ್ಟನೆ ಹರಿಯುತ್ತದೆ. ತೇವಕ್ಕಿಂತ ಈ ಏರಿಳಿತವೇ ಹೆಚ್ಚು ಅಪಾಯ. ಹೈಗ್ರೋಮೀಟರ್ (ಗಾಳಿಯ ತೇವ ಅಳೆಯುವ ಮಾಪಕ) ಇಡಿ, ತೇವವನ್ನು 40ರಿಂದ 60 ಪ್ರತಿಶತದೊಳಗೆ ನಿಲ್ಲಿಸಿ. ಇಡೀ ಕೋಣೆಗೆ ಸಿಲಿಕಾ ಜೆಲ್ (ತೇವ ಹೀರುವ ಹರಳು) ಸಾಲದು, ಡಿಹ್ಯೂಮಿಡಿಫೈಯರ್ (ಗಾಳಿಯ ತೇವ ತೆಗೆಯುವ ಯಂತ್ರ) ಬೇಕು. ಕರೆಂಟ್ ಹೋದಾಗ ಕಿಟಕಿ ಬಾಗಿಲು ಮುಚ್ಚಿಡಿ. ಹೊರಗೋಡೆ, ಬಚ್ಚಲೊಲೆ ಎರಡರಿಂದಲೂ ದೂರವಿರಲಿ. ತಂತಿ ಸಡಿಲಿಸಿ ಇಡಬೇಡಿ, ಚೌಕಟ್ಟು ಆ ಎಳೆತಕ್ಕೇ ಹೊಂದಿಕೊಂಡಿರುತ್ತದೆ. ಹೊಸ ಗಟ್ ತಂತಿಗೆ ಮೊದಲ ವಾರ ದಿನಕ್ಕೆ ಹಲವು ಬಾರಿ ಶ್ರುತಿ ಮಾಡಬೇಕು.

ಉತ್ತರ 3: ತಂಗಿ ಸಮಕಾಲೀನ ಸಂಗೀತವನ್ನೇ ವೃತ್ತಿ ಮಾಡಿಕೊಂಡರೆ, ವೃತ್ತಿ ಅಂದರೆ ಸಂಯೋಜಕರ ಜೊತೆ ಕೂತು ಹೊಸ ಕೃತಿ ಬರೆಸುವುದು. ಪಿಯಾನೋ ಎಂದುಕೊಂಡು ಬರೆಯುವವರೇ ಹೆಚ್ಚು! ಕಿರುಬೆರಳು ಬಳಸುವುದಿಲ್ಲ, ಆದ್ದರಿಂದ ಒಂದು ಕೈಗೆ ನಾಲ್ಕೇ ಸ್ವರ ಎಂದು ಮೊದಲೇ ತಿಳಿಸಿ. ಒಂದೇ ಬಿ ತಂತಿಯಿಂದ ಬಿ, ಬಿ ಫ್ಲಾಟ್ (ಬಿಗಿಂತ ಅರ್ಧ ಸ್ವರ ಕೆಳಗಿನದು) ಎರಡೂ ಒಟ್ಟಿಗೆ ಬರವು. ಬಿ ಬದಲು ಸಿ ಫ್ಲಾಟ್ (ಅದೇ ಸ್ವರ, ಆದರೆ ಸಿ ತಂತಿಯಲ್ಲಿ) ಬರೆಸಿದರೆ ಕೆಲಸ ಆಗುತ್ತದೆ. ಪೆಡಲ್ ಬದಲಾವಣೆಗಳನ್ನು ನುಡಿಸುವವರೇ ಪೆನ್ಸಿಲ್‌ನಲ್ಲಿ ಗುರುತಿಸಿಕೊಳ್ಳಲಿ. ಗಮಕ ಕೇಳಿದರೆ ಶ್ರುತಿ ಕೀಲಿಯಿಂದ ತಂತಿ ಬಿಗಿಸಿ ಸ್ವರ ಜಾರಿಸಬಹುದು, ಆದರೆ ಒಂದು ತಂತಿಗೆ ಮಾತ್ರ, ನಿಧಾನವಾಗಿ.