ಅಕಿಲೀಸ್ ಟೆಂಡನ್ (ಮೀನಖಂಡವನ್ನ ಹಿಮ್ಮಡಿಗೆ ಕಟ್ಟೋ ನಾರು) ತುಂಡಾಗಿದೆ: ಉದ್ದ ಕೊಯ್ಸೋದಾ, ತೂತಲ್ಲೇ ಹೊಲಿಸೋದಾ?

ಪ್ರಶ್ನೆ:
ದಾವಣಗೆರೆ, ವಯಸ್ಸು 42. ಭಾನುವಾರ ಶಟಲ್ ಆಡ್ತಾ ಡ್ರಾಪ್ ಎತ್ತೋಕೆ ಮುಂದೆ ನುಗ್ಗಿದೆ, ‘ಟಪ್’ ಅಂತು. ಯಾರೋ ಹಿಂದಿಂದ ಒದ್ರು ಅಂತ ಬೈಯೋಕೆ ತಿರುಗಿದ್ರೆ ಅಲ್ಲಿ ನರಪಿಳ್ಳೆ ಇಲ್ಲ! ಹಿಮ್ಮಡಿಯಿಂದ ಮೂರು ಬೆರಳು ಮೇಲೆ ಒತ್ತಿದ್ರೆ ಗುಳಿ ಬೀಳುತ್ತೆ. ಡಾಕ್ಟರು ಬೋರಲು ಮಲಗಿಸಿ ಮೀನಖಂಡ ಹಿಂಡಿದ್ರು. ಎಡಪಾದ ಆಡ್ತು, ಬಲದ್ದು ಜಪ್ಪಯ್ಯ ಅನ್ನಲಿಲ್ಲ; ಟೆಂಡನ್ ತುಂಡಾಗಿದೆ ಅಂದ್ರು. ಒಬ್ರು ಓಪನ್ ಮಾಡ್ಬೇಕು ಅಂತಾರೆ, ಇನ್ನೊಬ್ರು ಸಣ್ಣ ತೂತುಗಳಲ್ಲೇ ಹೊಲೀಬಹುದು ಅಂತಾರೆ. ಶುಗರ್ ಬೇರೆ ಇದೆ. ಅನುಭವ ಇದ್ದೋರು ಹೇಳಿ.

ಉತ್ತರ 1:
ನಂದು ಓಪನ್ ಸಾರ್. ಒಂಬತ್ತು ಸೆಂ.ಮೀ. ಕೊಯ್ದಿದ್ರು. ತುಂಡಾದ ತುದಿ ಹಳೇ ಪೊರಕೆ ಥರ ಬಿಚ್ಕೊಂಡಿತ್ತಂತೆ. ಕಣ್ಣಿಗೆ ಕಾಣೋ ಹಾಗೆ ಜೋಡಿಸಿ, ಎರಡೂ ಕಡೆ ಕ್ರಾಕೋ ಅನ್ನೋ ಬಿಗಿ ಹೆಣಿಗೆಯ ಹೊಲಿಗೆ ಹಾಕಿದ್ರು. ಹೊಲಿಗೆ ಗಟ್ಟಿಯಾಗೇ ನಿಂತಿತು, ಕೈಕೊಟ್ಟಿದ್ದು ಚರ್ಮ. ಗಾಯದ ಕೆಳತುದಿ ಕೀವಾಗಿ ಐದು ವಾರ ಡ್ರೆಸ್ಸಿಂಗ್. ಆ ಜಾಗದಲ್ಲಿ ಮಾಂಸವೇ ಇಲ್ಲವಲ್ಲ, ಬೇಗ ಕೂಡಲ್ಲ. ಶುಗರ್ ಇದ್ರೆ ಮೊದಲು ಮೂರು ತಿಂಗಳ ಸರಾಸರಿ (HbA1c ಅನ್ನೋ ರಕ್ತಪರೀಕ್ಷೆ) ನೋಡಿಸಿ.

ಉತ್ತರ 2:
ನಂದು ತೂತಿನದು. ಗಾಯ ಹತ್ತೇ ದಿನಕ್ಕೆ ಒಣಗ್ತು. ಆದ್ರೆ ಸೂಜಿ ಹೋಗೋದು ಅಂದಾಜಿನ ಮೇಲೆ. ಹೊರಮಗ್ಗುಲಲ್ಲಿ ಸೂರಲ್ ನರ ಇದೆ, ಅದಕ್ಕೆ ತಾಗ್ತು. ಎರಡು ವರ್ಷ ಆದ್ರೂ ಕಿರುಬೆರಳ ಪಕ್ಕ ಜೋಮು. ಹವಾಯಿ ಚಪ್ಪಲಿ ಕಾಲಿಂದ ಜಾರಿದ್ರೂ ಗೊತ್ತಾಗಲ್ಲ.

ಉತ್ತರ 3:
ಫಿಸಿಯೋ ನಾನು. ಮೂರನೇ ದಾರಿ ಯಾರೂ ಹೇಳ್ಲಿಲ್ಲ: ಆಪರೇಷನ್ನೇ ಇಲ್ದೆ, ಪಾದವನ್ನ ಕೆಳಮುಖವಾಗಿ ಹಿಡಿದಿಡೋ ಗಟ್ಟಿ ಬೂಟು. ನಾರ್ವೆಯಲ್ಲಿ 526 ಜನರನ್ನ ಮೂರು ಗುಂಪು ಮಾಡಿ ನೋಡಿದ್ರು, 2022ರಲ್ಲಿ ಫಲಿತಾಂಶ ಬಂತು. ವರ್ಷದ ಕೊನೆಗೆ ಮೂರೂ ಗುಂಪಿನವರ ನಡಿಗೆ, ಓಟ, ನೋವಿನ ಅಂಕ ಹೆಚ್ಚುಕಮ್ಮಿ ಒಂದೇ. ಮತ್ತೆ ಹರಿದದ್ದು ಮಾತ್ರ ಆಪರೇಷನ್ ಇಲ್ಲದೋರಲ್ಲಿ ಶೇ. 6.2, ಎರಡೂ ಆಪರೇಷನ್‌ಗಳಲ್ಲಿ ತಲಾ ಶೇ. 0.6. ನರಕ್ಕೆ ಪೆಟ್ಟು: ತೂತಿನದರಲ್ಲಿ 9 ಜನಕ್ಕೆ, ಓಪನ್‌ನಲ್ಲಿ 5, ಆಪರೇಷನ್ ಇಲ್ಲದೆ 1. ಪಾದ ಕೆಳಕ್ಕೆ ಬಗ್ಗಿಸಿದಾಗ ತುದಿಗಳು ಕೂಡ್ತಾವಾ ಅಂತ ಅಲ್ಟ್ರಾಸೌಂಡ್ ಮಾಡಿಸಿ, ಕೂಡಿದ್ರೆ ಬೂಟು ಸಾಕಾ ಅಂತ ಡಾಕ್ಟರನ್ನ ಕೇಳಿ. ತಡ ಬೇಡ; ವಾರಗಟ್ಟಲೆ ಬಿಟ್ರೆ ತುದಿಗಳು ದೂರ ಸರಿದು ಬೇರೆ ಸ್ನಾಯು ತಂದು ಜೋಡಿಸೋ ದೊಡ್ಡ ಆಪರೇಷನ್ನೇ ಆಗ್ಬಹುದು.

ಪ್ರಶ್ನೆ ಕೇಳಿದವರು:
ತುದಿಗಳು ಕೂಡ್ತವೆ ಅಂತ ಬಂತು. ಸರಾಸರಿ ಶುಗರ್ 9.1, ಮನೆಯವಳ ಮುಂದೆ ಮರ್ಯಾದೆ ಹೋಯ್ತು. ಡಾಕ್ಟರೂ ಒಪ್ಪಿದ್ರು, ಬೂಟೇ ಹಾಕಿಸ್ಕೊಂಡೆ. ಹಿಮ್ಮಡಿ ಕೆಳಗೆ ಮೂರು ಬೆಣೆ, ಒಂದೊಂದಾಗಿ ತೆಗೀತಾರಂತೆ. ಬಲಗಾಲು ಎತ್ತರ ಆಯ್ತು ಅಂತ ಎಡಗಾಲಿಗೆ ಮಗನ ದಪ್ಪ ಶೂ ಹಾಕ್ಕೊಂಡು ಓಡಾಡ್ತಿದ್ದೀನಿ. ರಾಕೆಟ್ಟನ್ನ ಅವಳು ಅಟ್ಟಕ್ಕೆ ಹಾಕಿದಾಳೆ.