ಸಹಾಯ ಬೇಕು: ಇದು ಜ್ಯಾಕ್ ಸ್ನೈಪ್ ಹೌದಾ?

ಗೆಳೆಯರೇ, ಗದಗ ಜಿಲ್ಲೆಯ ಮಾಗಡಿ ಕೆರೆಗೆ ಎಲ್ಲರೂ ಹೋಗುವುದು ಪಟ್ಟೆತಲೆ ಹೆಬ್ಬಾತು ನೋಡಲು. ನನ್ನ ಕಣ್ಣು ಬಿದ್ದಿದ್ದು ಅಂಚಿನ ಕೆಸರಲ್ಲಿ ಕೂತಿದ್ದ ಪುಟ್ಟ ಸ್ನೈಪ್ (ಕೆಸರಲ್ಲಿ ಮೇಯುವ ಉದ್ದ ಕೊಕ್ಕಿನ ಹಕ್ಕಿ; ಜ್ಯಾಕ್ ಸ್ನೈಪ್ ಅದರ ಚಿಕ್ಕ ಜಾತಿ) ಮೇಲೆ. ಕಾಲಬುಡಕ್ಕೆ ಹೋಗುವವರೆಗೂ ಅಲುಗಾಡಲಿಲ್ಲ. ಆಮೇಲೆ ಸದ್ದಿಲ್ಲದೆ ಎದ್ದು, ಹತ್ತಿರದಲ್ಲೇ ಜೊಂಡಿನೊಳಗೆ ಇಳಿಯಿತು. ಸಾಮಾನ್ಯ ಸ್ನೈಪ್ ಆದರೆ ಬೇಗನೆ ಎದ್ದು, ಕರ್ಕಶವಾಗಿ ಕೂಗುತ್ತಾ ಅಂಕುಡೊಂಕಾಗಿ ಹಾರುತ್ತದೆ, ಅಲ್ವಾ?

ಕೊಕ್ಕೂ ಗಿಡ್ಡ. ಸುಮಾರು 4 ಸೆಂಟಿಮೀಟರ್ ಇರಬಹುದು. ಸಾಮಾನ್ಯ ಸ್ನೈಪ್‌ಗೆ 6-7 ಇರುತ್ತದೆ. ಜ್ಯಾಕ್ ಸ್ನೈಪ್‌ಗೆ ನೆತ್ತಿಯ ನಡುವೆ ತಿಳಿ ಗೆರೆ ಇರುವುದಿಲ್ಲ. ಮೇಯುವಾಗ ಸ್ಪ್ರಿಂಗ್ ಹಾಕಿದ ಹಾಗೆ ಮೈ ಕುಣಿಸುತ್ತದೆ. ಆದರೆ ಫೋಟೋದಲ್ಲಿ ನೆತ್ತಿಗೇ ಹುಲ್ಲು ಅಡ್ಡ!

ಬೆನ್ನಿನ ಹಳದಿ ಪಟ್ಟಿ, ಕೊಕ್ಕು ನೋಡಿ ಗುರುತಿಸಬಹುದಾ? ಈ ಭಾಗದ ಕೆರೆಗಳಲ್ಲಿ ಯಾರಾದರೂ ಕಂಡಿದ್ದರೆ ಯಾವ ತಿಂಗಳು ಅಂತ ತಿಳಿಸಿ. ಜಾಸ್ತಿ ಎಬ್ಬಿಸದೆ ನೋಡುವ ಉಪಾಯ ಇದ್ದರೂ ಹೇಳಿ.