ಪೀರಿಯಡ್ ಯಾವಾಗ ಮೊಟಕಾಗುತ್ತೋ ಗೊತ್ತಿಲ್ಲದ ದಿನ ಸ್ಪ್ಯಾನಿಷ್ ಕ್ಲಾಸಿನಲ್ಲಿ ಏನು ಮಾಡಿಸೋದು?

ಜೆರ್ಸಿಟೀಚರ್ (ಪ್ರಶ್ನೆ)

ನ್ಯೂಜೆರ್ಸಿಯ ಮಿಡಲ್ ಸ್ಕೂಲ್. ಏಳನೇ ಕ್ಲಾಸು, ಸ್ಪ್ಯಾನಿಷ್ ಮೊದಲ ವರ್ಷ, 26 ಮಕ್ಕಳು, 42 ನಿಮಿಷದ ಪೀರಿಯಡ್. ಚಳಿಗಾಲ ಬಂತೆಂದರೆ ಈ 42 ನಿಮಿಷ ಟೈಮ್‌ಟೇಬಲ್‌ನಲ್ಲಿ ಮಾತ್ರ. ಹಿಮ ಬಿದ್ದು ಶಾಲೆ ಎರಡು ಗಂಟೆ ತಡವಾದರೆ ಸಿಗೋದು 26 ನಿಮಿಷ. ಈ ರಾಜ್ಯದಲ್ಲಿ ತಿಂಗಳಿಗೊಂದು ಫೈರ್ ಡ್ರಿಲ್, ಒಂದು ಸೆಕ್ಯುರಿಟಿ ಡ್ರಿಲ್ ಕಡ್ಡಾಯ. ಗಂಟೆ ಯಾವಾಗ ಹೊಡೆಯುತ್ತೋ ಹೇಳೋಕಾಗಲ್ಲ. ಇದರ ಮಧ್ಯೆ ಬ್ಯಾಂಡ್ ಪ್ರಾಕ್ಟೀಸ್ ಅಂತ ಅರ್ಧ ಕ್ಲಾಸ್ ಎದ್ದು ಹೋಗುತ್ತೆ.

ಬೇಕಾಗಿರೋದು ಇಷ್ಟು: ಝೆರಾಕ್ಸ್ ಬೇಡ, ಲ್ಯಾಪ್‌ಟಾಪ್ ಬೇಡ, ಎಲ್ಲಿ ನಿಲ್ಲಿಸಿದರೂ ನಷ್ಟ ಆಗಬಾರದು, 10 ಮಕ್ಕಳಿದ್ದರೂ 26 ಇದ್ದರೂ ನಡೀಬೇಕು. ಪದ ಹುಡುಕೋ ಚೌಕ ಕೊಟ್ಟು ಕೂರಿಸೋದು ಬೇಡ. ಅದರಲ್ಲಿ ಕಣ್ಣಿಗೆ ಕೆಲಸ, ಭಾಷೆಗಲ್ಲ.

ಬಿಳಿಹಲಗೆ

ಮೊದಲು ಒಂದು ಮಾತು. ಇಂಥ ದಿನ ಹೊಸ ಪಾಠ ಮುಟ್ಟಲೇಬೇಡಿ. ಅರ್ಧ ಕ್ಲಾಸಿಗೆ ಹೇಳಿಕೊಟ್ಟರೆ ನಾಳೆ ಮತ್ತೆ ಹೇಳಬೇಕು, ಕೇಳಿದವರಿಗೆ ಬೇಜಾರು, ಕೇಳದವರಿಗೆ ಅವಸರ. ಹಿಂದಿನ ಎರಡು ವಾರದ 15–20 ಪದ ಹಲಗೆಯ ಮೂಲೆಯಲ್ಲಿ ಸದಾ ಇರಲಿ, ಎಲ್ಲ ಆಟವೂ ಅದರ ಮೇಲೇ ನಡೀಲಿ.

ಆಟ: ಉನ್ ಲಾಪಿಸ್, ಉನ್ ದಾದೋ. ಒಂದು ಪೆನ್ಸಿಲ್, ಒಂದು ದಾಳ. ಮೂರು ಜನರ ಗುಂಪು, ಪ್ರತಿಯೊಬ್ಬರಿಗೂ ಒಂದು ಹಾಳೆ, ಬರೆಯೋಕೆ ಮಧ್ಯದಲ್ಲಿ ಒಂದೇ ಪೆನ್ಸಿಲ್. ಹಲಗೆ ಮೇಲೆ ಇಂಗ್ಲಿಷಿನಲ್ಲಿ ಎಂಟು ಚಿಕ್ಕ ವಾಕ್ಯ ಬರೆಯಿರಿ, ಅದನ್ನು ಸ್ಪ್ಯಾನಿಷಿಗೆ ತರಬೇಕು. ಸರದಿ ಪ್ರಕಾರ ದಾಳ ಉರುಳಿಸ್ತಾ ಹೋಗೋದು, ಆರು ಬಿದ್ದವರು ಪೆನ್ಸಿಲ್ ಕಿತ್ತುಕೊಂಡು ಬರೆಯೋದು. ಉಳಿದವರು ಉರುಳಿಸ್ತಲೇ ಇರ್ತಾರೆ. ಮುಂದಿನ ಆರು ಬಿದ್ದ ಕೂಡಲೇ ಪೆನ್ಸಿಲ್ ಕೈ ಬದಲಾಗುತ್ತೆ.

ಲೆಕ್ಕ ನೋಡಿ. ಆರು ಬೀಳೋಕೆ ಸರಾಸರಿ ಆರು ಎಸೆತ ಬೇಕು, ಎಸೆತಕ್ಕೆ ಎರಡು ಸೆಕೆಂಡ್ ಅಂದರೂ ಒಬ್ಬರ ಕೈಯಲ್ಲಿ ಪೆನ್ಸಿಲ್ ಇರೋದು ಹನ್ನೆರಡು ಸೆಕೆಂಡ್. ಹತ್ತು ನಿಮಿಷ ಆಡಿದರೆ ಮೂವರ ಗುಂಪಿನಲ್ಲಿ ಒಬ್ಬರಿಗೆ ಬರೆಯೋಕೆ ಸಿಗೋದು ಮೂರು ನಿಮಿಷಕ್ಕಿಂತ ಸ್ವಲ್ಪ ಜಾಸ್ತಿ. ನಾಲ್ವರಾದರೆ ಎರಡೂವರೆ. ಅದಕ್ಕೇ ವಾಕ್ಯ ಎಂಟಕ್ಕಿಂತ ಹೆಚ್ಚು ಬೇಡ, ಗುಂಪು ನಾಲ್ಕಕ್ಕಿಂತ ದೊಡ್ಡದು ಬೇಡವೇ ಬೇಡ.

ಕೆಡೋದು ಮೂರು ಕಡೆ. ಬರೆಯದವರು ಸುಮ್ಮನೆ ದಾಳ ಉರುಳಿಸ್ತಾ ಕೂರೋದು: ಬಿದ್ದ ಸಂಖ್ಯೆಯನ್ನು ಜೋರಾಗಿ ಸ್ಪ್ಯಾನಿಷಿನಲ್ಲಿ ಹೇಳದಿದ್ದರೆ ಆ ಆರು ಲೆಕ್ಕಕ್ಕಿಲ್ಲ ಅನ್ನಿ. ಅವಸರದಲ್ಲಿ ಗೀಚೋದು: ತಪ್ಪು ವಾಕ್ಯ ಇದ್ದರೆ ಗೆಲುವು ಇಲ್ಲ, ತಿದ್ದೋಕೆ ಮತ್ತೊಂದು ಆರು ಬೀಳಬೇಕು. ಇನ್ನು ದಾಳ ನೆಲಕ್ಕೆ ಬಿದ್ದು ಹುಡುಕಾಟ: ಪಠ್ಯಪುಸ್ತಕ ಬಿಚ್ಚಿಟ್ಟು ಅದರ ನಡುಮಡಿಕೆಯಲ್ಲಿ ಉರುಳಿಸಲಿ, ಹೊರಗೆ ಹೋದರೆ ಸರದಿ ಹೋಯ್ತು.

ಎನ್ಯೆ

ಕಾಗದ ಒಂದೇ ಸಾಕು ಅನ್ನೋದಾದರೆ ಬಾಸ್ತಾ ('ಸಾಕು' ಅಂತ ಅರ್ಥ) ಅನ್ನೋ ಆಟ. ಅರ್ಜೆಂಟೀನಾದಲ್ಲಿ ತುತ್ತಿ ಫ್ರುತ್ತಿ ಅಂತಾರೆ, ಸ್ಪೇನಿನಲ್ಲಿ ಸ್ಟಾಪ್. ನಮ್ಮ ನೇಮ್-ಪ್ಲೇಸ್-ಅನಿಮಲ್-ಥಿಂಗ್ ಆಡಿದವರಿಗೆ ನಿಯಮ ಹೇಳೋದೇ ಬೇಡ.

ಹಾಳೆ ಅಡ್ಡ ಇಟ್ಟು ಆರು ಕಾಲಂ: ಹೆಸರು, ಪ್ರಾಣಿ, ತಿಂಡಿ, ಬಟ್ಟೆ, ಊರು, ಕೊನೆಯದು ಅಂಕಕ್ಕೆ. ಒಬ್ಬರು ಮನಸ್ಸಿನಲ್ಲೇ ಅಕ್ಷರಮಾಲೆ ಹೇಳ್ತಾ ಹೋಗಲಿ, ಇನ್ನೊಬ್ಬರು ನಿಲ್ಲಿಸಲಿ. ಮೊದಲು ತುಂಬಿಸಿದವರು "ಬಾಸ್ತಾ" ಅಂದ ಮೇಲೆ ಇಡೀ ಕ್ಲಾಸ್ ಐದರಿಂದ ಸೊನ್ನೆವರೆಗೆ ಸ್ಪ್ಯಾನಿಷಿನಲ್ಲಿ ಎಣಿಸಿ ಪೆನ್ ಕೆಳಗೆ. ಬೇರೆ ಯಾರೂ ಬರೆಯದ ಪದಕ್ಕೆ 10, ಇಬ್ಬರು ಬರೆದಿದ್ದರೆ 5. ಒಂದು ಸುತ್ತಿಗೆ ಮೂರು ನಿಮಿಷ, ಎಣಿಕೆಗೆ ಎರಡು. ಡ್ರಿಲ್ ಗಂಟೆ ಹೊಡೆದರೆ ಆ ಸುತ್ತು ಬಿಟ್ಟುಬಿಡಿ, ಅಷ್ಟೇ.

ಮೊದಲ ವರ್ಷದವರಿಗೆ ಕಾ (K), ಎನ್ಯೆ (Ñ), ಎಕೀಸ್ (X), ದೋಬ್ಲೆ ಊವೆ (W) ಅಕ್ಷರಗಳನ್ನು ತೆಗೆದುಬಿಡಿ, ಪದ ಸಿಗಲ್ಲ. ಸೆ (C), ಪೆ (P), ಎಮೆ (M), ಆ (A), ತೆ (T) ಚೆನ್ನಾಗಿ ನಡೆಯುತ್ತವೆ. 'ಚಾಕೇತಾ' (chaqueta, ಜಾಕೆಟ್) ಸೆ ಅಕ್ಷರಕ್ಕೆ ಸಲ್ಲುತ್ತಾ ಅನ್ನೋ ಜಗಳ ಬಂದೇ ಬರುತ್ತೆ. ಸಲ್ಲುತ್ತೆ. 2010ರ ಕಾಗುಣಿತ ನಿಯಮದ ಪ್ರಕಾರ ಅಕ್ಷರಗಳು 27, ಚೆ (ch) ಮತ್ತು ಎಯ್ಯೆ (ll) ಈಗ ಬೇರೆ ಅಕ್ಷರಗಳಲ್ಲ. ಹಳೇ ನಿಘಂಟು ತೋರಿಸಿ ವಾದಿಸೋ ಮಗು ಇದ್ದರೆ ಖುಷಿಪಡಿ.

ಚುರುಕಿನ ಒಂದೇ ಮಗು 40 ಸೆಕೆಂಡಿಗೆ ಕೂಗಿ ಉಳಿದವರ ಉತ್ಸಾಹ ಇಳಿಸಿಬಿಡೋದು ಇದರ ದೊಡ್ಡ ತೊಂದರೆ. ಎರಡು ನಿಮಿಷಕ್ಕೆ ಮುಂಚೆ ಬಾಸ್ತಾ ಇಲ್ಲ ಅಂತ ಮಾಡಿ, ಪ್ರಾಣಿ, ತಿಂಡಿ, ಬಟ್ಟೆಯ ಪದಕ್ಕೆ ಮೊದಲು ಲಿಂಗ ತೋರಿಸೋ ಎಲ್ (ಪುಲ್ಲಿಂಗ) ಅಥವಾ ಲಾ (ಸ್ತ್ರೀಲಿಂಗ) ಹಾಕದಿದ್ದರೆ ಅರ್ಧ ಅಂಕ. ಚುರುಕಿನವರಿಗೆ ಅಲ್ಲೇ ಬ್ರೇಕ್ ಬೀಳುತ್ತೆ.

ಮಲ್ಲೇಶ್ವರಂ_ಮೇಡಂ

ಬೆಂಗಳೂರಿನ ಐಬಿ, ಕೇಂಬ್ರಿಡ್ಜ್ ಪಠ್ಯಕ್ರಮದ ಶಾಲೆಗಳಲ್ಲಿ ಸ್ಪ್ಯಾನಿಷ್ ಹೇಳಿಕೊಡುವವರಿಗೂ ಇದೇ ಗೋಳು. ಹಿಮದ ಬದಲು ಮಳೆ, ಬಂದ್, ಆ್ಯನುಯಲ್ ಡೇ ರಿಹರ್ಸಲ್. ಮಕ್ಕಳು ಕಡಿಮೆ ಇರುವ ದಿನ ಆಟಕ್ಕಿಂತ ಮಾತಿಗೆ ಒಳ್ಳೆಯದು, ಏಕೆಂದರೆ ತುಂಬಿದ ಕ್ಲಾಸಿನಲ್ಲಿ ಒಬ್ಬೊಬ್ಬರ ಬಾಯಿ ಬಿಡಿಸೋಕೆ ಪುರುಸೊತ್ತು ಇರಲ್ಲ.

14 ಮಕ್ಕಳಿದ್ದರೆ ಏಳು ಜನ ಒಳವೃತ್ತ, ಏಳು ಜನ ಹೊರವೃತ್ತ, ಎದುರುಬದುರು. ಹಲಗೆ ಮೇಲೆ ಏಳು ಪ್ರಶ್ನೆ: ಎಷ್ಟು ಹೊತ್ತಿಗೆ ಏಳ್ತೀಯ, ನಿನ್ನೆ ಏನು ತಿಂದೆ, ಈ ಥರದ್ದು. ಒಂದು ನಿಮಿಷ ಮಾತು, ಚಪ್ಪಾಳೆ, ಹೊರವೃತ್ತ ಒಂದು ಹೆಜ್ಜೆ ಬಲಕ್ಕೆ. ಏಳು ನಿಮಿಷದಲ್ಲಿ ಸುತ್ತು ಮುಗಿಯುತ್ತೆ. ಬೆಸ ಸಂಖ್ಯೆಯಾದರೆ ಇಬ್ಬರನ್ನು ಒಂದೇ ಜಾಗದಲ್ಲಿ ನಿಲ್ಲಿಸಿ. ನೀವೇ ವೃತ್ತಕ್ಕೆ ಸೇರಿದರೆ ಉಳಿದವರ ಮಾತು ಕಿವಿಗೆ ಬೀಳಲ್ಲ. ಒಂದು ನಿಮಿಷ ಉದ್ದವಾಗಿ ಮೌನ ಕವಿದರೆ 40 ಸೆಕೆಂಡಿಗೆ ಇಳಿಸಿ, ಪ್ರಶ್ನೆ ಬದಲಿಸಬೇಡಿ.

ಕನ್ನಡದ ಮಕ್ಕಳಿಗೆ ಒಂದು ಅನುಕೂಲ ಇದೆ. ಸ್ಪ್ಯಾನಿಷಿನ ತೆ ನಮ್ಮ ತ-ಕಾರದ ಹಾಗೇ ಹಲ್ಲಿಗೆ ತಾಗಿ ಬರುತ್ತೆ. ಆದರೆ ಹಾಳೆ ನೋಡಿ ಓದಿದ ಕೂಡಲೇ ಇಂಗ್ಲಿಷ್ ಅಭ್ಯಾಸ ಎದ್ದು 'ತೊಮಾತೆ' 'ಟೊಮಾಟೆ' ಆಗುತ್ತೆ. ವೃತ್ತದಲ್ಲಿ ಕೈಯಲ್ಲಿ ಹಾಳೆ ಕೊಡದಿರೋಕೆ ಅದೂ ಒಂದು ಕಾರಣ.

ಜೆರ್ಸಿಟೀಚರ್

ಎಲ್ಲರಿಗೂ ಥ್ಯಾಂಕ್ಸ್. ಇನ್ನೆರಡು ಕೇಳ್ತೀನಿ. ಒಂದು, ದಾಳ ಇರೋದೇ ನಾಲ್ಕು. ಎರಡು, ಐದಾರು ಮಕ್ಕಳು ಡೊಮಿನಿಕನ್, ಎಕ್ವಡೋರ್ ಮನೆಯವರು, ಮನೆಯಲ್ಲಿ ಸ್ಪ್ಯಾನಿಷೇ ಮಾತಾಡ್ತಾರೆ. ಯಾವ ಆಟ ಇಟ್ಟರೂ ಅವರೇ ಗೆಲ್ತಾರೆ, ಉಳಿದವರು ಕೈಬಿಡ್ತಾರೆ. ನಾನಿಲ್ಲದ ದಿನ ಸಬ್ (ಬದಲಿ ಟೀಚರ್) ಬಂದರೆ ಏನು ಬಿಟ್ಟು ಹೋಗಬೇಕು ಅನ್ನೋದೂ ಹೇಳಿ.

ಬಿಳಿಹಲಗೆ

ದಾಳಕ್ಕೆ: ಆರು ಮುಖದ ಪೆನ್ಸಿಲ್ ಇರುತ್ತಲ್ಲ, ಅದರ ಆರು ಮುಖಕ್ಕೂ ಪೆನ್ನಿನಲ್ಲಿ 1ರಿಂದ 6 ಬರೆದು ಪುಸ್ತಕದ ಮೇಲೆ ಉರುಳಿಸಿ. ಮೇಲೆ ಬಂದ ಮುಖ ಲೆಕ್ಕ. ಬರೆಯೋಕೆ ಬೇರೆ ಪೆನ್ಸಿಲ್ ಇಡಿ, ಇಲ್ಲದಿದ್ದರೆ ಯಾವುದನ್ನು ಕಿತ್ತುಕೊಳ್ಳಬೇಕು ಅಂತಲೇ ಗಲಾಟೆ.

ಮನೆಯಲ್ಲಿ ಸ್ಪ್ಯಾನಿಷ್ ಇರುವವರಿಗೆ ಓಡುವ ದಿಕ್ತಾದೋ (ಉಕ್ತಲೇಖನ) ಕೊಡಿ. ಮಾತು ಸರಾಗ ಇದ್ದರೂ ಬರೆದು ಅಭ್ಯಾಸ ಇಲ್ಲದವರಿಗೆ ಕಾಗುಣಿತ ಕೈಕೊಡೋದು ಇಲ್ಲೇ: ಬೆ (b) ಮತ್ತು ಊವೆ (v) ಒಂದೇ ಸದ್ದು, ಆಚೆ (h) ಅಕ್ಷರಕ್ಕೆ ಸದ್ದೇ ಇಲ್ಲ, ಲ್ಯಾಟಿನ್ ಅಮೆರಿಕದಲ್ಲಿ ಸೆ (c), ಎಸೆ (s), ಸೇತಾ (z) ಎಷ್ಟೋ ಕಡೆ ಒಂದೇ. 'ಆಯ್' ಅನ್ನೋದನ್ನು hay ಅಂತ ಬರೀಬೇಕೋ ay ಅಂತಲೋ ಅಂತ ಅವರೂ ತಲೆ ಕೆರೆದುಕೊಳ್ತಾರೆ. ಹಾಗಾಗಿ ಅವರು ಬರೆಯುವವರು, ಹೊಸದಾಗಿ ಕಲಿಯುವವರು ಓಡುವವರು. ಇಬ್ಬರಿಗೂ ಕಷ್ಟ ಸಮ.

ಪರಿಚಿತ ಪದಗಳಲ್ಲೇ ಆರು ವಾಕ್ಯ, ಒಟ್ಟು 40–50 ಪದ, ದಪ್ಪ ಅಕ್ಷರದಲ್ಲಿ ಕೈಯಲ್ಲೇ ಬರೆದು ಹಿಂದಿನ ಗೋಡೆಗೆ ಅಂಟಿಸಿ. 13 ಜೋಡಿಗೆ ಒಂದೇ ಪ್ರತಿ ಸಾಲದು, ನಾಲ್ಕು ಮೂಲೆಯಲ್ಲಿ ನಾಲ್ಕು ಬೇಕು, ಇಲ್ಲದಿದ್ದರೆ ಗೋಡೆ ಹತ್ತಿರ ನೂಕುನುಗ್ಗಲು. ಓಡುವವರು ಓದಿ, ನೆನಪಿಟ್ಟು, ಬಂದು ಹೇಳೋದು, ಜೊತೆಗಾರರು ಬರೆಯೋದು. ಗೋಡೆಯಿಂದಲೇ ಕಿರುಚಿದರೆ ಆ ವಾಕ್ಯ ರದ್ದು. ಓಡುವ ಅಂತ ಹೆಸರಷ್ಟೇ, ಕೈ ಬೆನ್ನ ಹಿಂದೆ ಕಟ್ಟಿ ನಡೆಯಲಿ. ಕೈ ಕಟ್ಟಿದರೆ ಫೋನ್ ಫೋಟೋ ಕೂಡ ನಿಲ್ಲುತ್ತೆ. ತಿದ್ದುವಾಗ ಎಲ್ಲ ತಪ್ಪೂ ಎಣಿಸಬೇಡಿ, ಆ ದಿನಕ್ಕೆ ಒಂದು: ಬರೀ ಆಚೆ, ಅಥವಾ ಬರೀ ಒತ್ತುಗುರುತು.

ಎನ್ಯೆ

ಸಬ್‌ಗೆ: ಅವರಿಗೆ ಸ್ಪ್ಯಾನಿಷ್ ಬರಲ್ಲ ಅಂದುಕೊಂಡೇ ತಯಾರಿ ಮಾಡಿ. ತಂಬೋಲಾ ಥರದ ಲೋತೆರೀಯಾ ಆಟ ಬಿಟ್ಟು ಹೋಗಿ. ಮೆಕ್ಸಿಕೋದ ಅಸಲಿ ಆಟಕ್ಕೆ 54 ಚಿತ್ರದ ಕಾರ್ಡು ಬೇಕು, ಇಲ್ಲಿ ಬೇಡ. ಹಾಳೆಯನ್ನು ನಾಲ್ಕು ಸಲ ಮಡಚಿದರೆ 16 ಚೌಕ. ಮಕ್ಕಳು 24 ಪದಗಳ ಪಟ್ಟಿಯಿಂದ ತಮಗಿಷ್ಟ ಬಂದ 16 ಸ್ಪ್ಯಾನಿಷ್ ಪದ ತುಂಬಿಸಲಿ. ಸಬ್ ಅದೇ 24ರ ಇಂಗ್ಲಿಷ್ ಅರ್ಥವನ್ನು ಚೀಟಿ ಎತ್ತಿ ಓದಲಿ. ಅವರ ಉಚ್ಚಾರಣೆ ಮಕ್ಕಳಿಗೆ ಅಂಟಲ್ಲ, ಅರ್ಥದಿಂದ ಪದಕ್ಕೆ ಹೋಗೋ ಕೆಲಸ ಮಕ್ಕಳದ್ದೇ ಆಗುತ್ತೆ. ಹುರುಳಿಕಾಳು, ಕಾಗದದ ಚೂರು, ಏನಾದರೂ ಇಟ್ಟುಕೊಳ್ಳಲಿ. ಪೆನ್ನಿನಲ್ಲಿ ಅಡ್ಡಗೆರೆ ಎಳೆದರೆ ಎರಡನೇ ಸುತ್ತಿಗೆ ಹಾಳೆ ಇಲ್ಲ. ಅರ್ಥ ಸಮೇತ ಉತ್ತರದ ಪಟ್ಟಿಯನ್ನೂ ಲಕೋಟೆಯಲ್ಲಿ ಇಡಿ, ಗೆದ್ದೆ ಅಂದವರನ್ನು ಸಬ್ ಪರೀಕ್ಷಿಸಬೇಕಲ್ಲ.

ಮಲ್ಲೇಶ್ವರಂ_ಮೇಡಂ

ಡ್ರಿಲ್ ಮುಗಿಸಿ ಒಳಗೆ ಬಂದಾಗ ಉಳಿಯೋ ಎಂಟು-ಹತ್ತು ನಿಮಿಷಕ್ಕೆ ಗುಂಪಿನ ಆಟ ಬೇಡ ಅಂತ ನನ್ನ ಅಭಿಪ್ರಾಯ. ಮಕ್ಕಳು ಆಗಲೇ ಗಲಾಟೆಯಲ್ಲಿರ್ತಾರೆ, ಗುಂಪು ಕೂರಿಸೋದರಲ್ಲೇ ಮೂರು ನಿಮಿಷ ಹೋಗುತ್ತೆ. ರಾಕ್ಷಸನ ಚಿತ್ರ ಹೇಳಿ: ಎಲ್ಲರೂ ಮೌನವಾಗಿ ಕೇಳಿ ಬಿಡಿಸೋದು. "ತ್ಯೇನೆ ತ್ರೇಸ್ ಓಹೋಸ್ ಬೇರ್ದೆಸ್", ಮೂರು ಹಸಿರು ಕಣ್ಣು. "ತ್ಯೇನೆ ದೋಸ್ ಮಾನೋಸ್ ಪೆಕೇನ್ಯಾಸ್", ಎರಡು ಪುಟ್ಟ ಕೈ. ಪ್ರತಿ ವಾಕ್ಯ ಎರಡು ಸಲ ಮಾತ್ರ, ಆರು ವಾಕ್ಯ ಸಾಕು. ಆಮೇಲೆ ಮಕ್ಕಳು ಚಿತ್ರ ನೋಡಿಕೊಂಡು ವಾಕ್ಯವನ್ನು ತಿರುಗಿ ಹೇಳಲಿ. 'ಮಾನೋ' (ಕೈ) ಓ-ಕಾರದಲ್ಲಿ ಮುಗಿದರೂ ಸ್ತ್ರೀಲಿಂಗ, 'ನಾರೀಸ್' (ಮೂಗು) ಕೂಡ ಸ್ತ್ರೀಲಿಂಗವೇ. 'ಪೆಕೇನ್ಯೋಸ್' ಅನ್ನೋ ತಪ್ಪು ಇಲ್ಲಿ ಖಂಡಿತ ಬರುತ್ತೆ. ಬಂದಾಗ ತಡೆಯದೆ ಸರಿಯಾದ ರೂಪದಲ್ಲಿ ನೀವೇ ಒಮ್ಮೆ ಹೇಳಿ ಮುಂದೆ ಹೋಗಿ. ಬೆಲ್ ಆದರೆ ಚಿತ್ರದ ಕೆಳಗೆ ಹೆಸರು ಬರೆಸಿ ತೆಗೆದಿಡಿ. ಮುಂದಿನ ಮೊಟಕು ಪೀರಿಯಡ್‌ಗೆ ಅದೇ ಚಿತ್ರ ಇಟ್ಟುಕೊಂಡು ಈ ರಾಕ್ಷಸ ಎಲ್ಲಿ ವಾಸ, ಏನು ತಿಂತಾನೆ ಅಂತ ಶುರು ಮಾಡಬಹುದು.